ಕಲಕುಕ್ಕೊ ಸೋರದಂತೆ ಬೇಯಿಸುವುದು ಹೇಗೆ?

ಫಿನ್ಲೆಂಡಿನ ಸಾವೊ ಪ್ರಾಂತ್ಯದ ಕಲಕುಕ್ಕೊ, ಅಂದರೆ ರೈ ಎಂಬ ಧಾನ್ಯದ ಹಿಟ್ಟಿನೊಳಗೆ ಮೀನು ತುಂಬಿ ಬೇಯಿಸುವ ತಿನಿಸು, ಎರಡು ಸಲ ಮಾಡಿದೆ. ಎರಡು ಸಲವೂ ಬುಡ ಒಡೆದು ರಸ ಸೋರಿತು, ಮುಳ್ಳೂ ಮೆತ್ತಗಾಗದೆ ಹಾಗೇ ಉಳಿಯಿತು. ಬಲ್ಲವರು ಅಳತೆ ಸಮೇತ ತಿಳಿಸಿ.

— ಮೊದಲು ಕಣಕ ನೋಡಿಕೊಳ್ಳಿ. ರೈ ಹಿಟ್ಟು 550 ಗ್ರಾಂ, ಗೋಧಿ ಹಿಟ್ಟು 120 ಗ್ರಾಂ, ನೀರು ಅರ್ಧ ಲೀಟರ್, ಕರಗಿಸಿದ ಬೆಣ್ಣೆ 50 ಗ್ರಾಂ, ಉಪ್ಪು 2 ಟೀ ಚಮಚೆ. ನೀರನ್ನು ಒಮ್ಮೆಲೇ ಸುರಿಯಬೇಡಿ, ಹಿಟ್ಟು ಎಷ್ಟು ಹೀರುತ್ತದೋ ನೋಡಿ ಹಾಕಿ. ರೈ ಗೋಧಿಯಂತೆ ಎಳೆಯಾಗಿ ಹಿಗ್ಗುವುದಿಲ್ಲ. ಲಟ್ಟಿಸುವುದಕ್ಕಿಂತ ಜೋಳದ ರೊಟ್ಟಿಯಂತೆ ತಟ್ಟುವುದೇ ವಾಸಿ. ನಡುವೆ ಒಂದು ಸೆಂಟಿಮೀಟರ್ ದಪ್ಪ, ಅಂಚು ತೆಳ್ಳಗೆ. ಎಲ್ಲ ಕಡೆ ಒಂದೇ ದಪ್ಪ ತಟ್ಟಿದರೆ ಮಡಚಿದ ಜಾಗ ಗಟ್ಟಿ ಉಂಡೆಯಾಗುತ್ತದೆ, ಬುಡ ಸೊರಗುತ್ತದೆ.

— ಬುಡ ಒಡೆಯಲು ಮೀನಿನ ನೀರೂ ಕಾರಣ. ತೊಳೆದ ಮೇಲೆ ಬಟ್ಟೆಯಿಂದ ಒತ್ತಿ ಒರೆಸಿ. ಹೂರಣ ಇಡುವ ಜಾಗದಲ್ಲಿ ಒಂದು ಹಿಡಿ ಒಣ ರೈ ಹಿಟ್ಟು ಉದುರಿಸಿ, ಅದು ರಸ ಹೀರಿಕೊಳ್ಳುತ್ತದೆ. ಮೀನು 800 ಗ್ರಾಂ, ಹಂದಿಯ ಹೊಟ್ಟೆಭಾಗದ ಕೊಬ್ಬಿನ ಮಾಂಸದ ತೆಳು ಹೋಳು 250 ಗ್ರಾಂ, ಉಪ್ಪು ಎರಡೂವರೆ ಟೀ ಚಮಚೆ. ಪದರಪದರವಾಗಿ ಇಟ್ಟು, ಮೇಲ್ಪದರಕ್ಕೆ ಕೊಬ್ಬೇ ಬರಲಿ, ಕರಗಿ ಕೆಳಗಿಳಿಯುತ್ತದೆ. ಸಡಿಲವಾಗಿ ತುಂಬಬೇಡಿ. ಒಳಗೆ ಗಾಳಿ ಉಳಿದರೆ ಹಬೆ ಸೇರಿ ಬೆಸುಗೆ ಬಿಚ್ಚುತ್ತದೆ. ಒದ್ದೆ ಕೈಯಿಂದ ಅಂಚು ಸೇರಿಸಿ, ಒದ್ದೆ ಚಾಕುವಿನಿಂದ ಸವರಿ. ಒಂದು ಮುಷ್ಟಿ ಕಣಕ ಎತ್ತಿಟ್ಟಿರಿ: ಒಲೆಯಲ್ಲಿ (ಓವನ್) ಬಿರುಕು ಕಂಡ ಕೂಡಲೇ ಮೆತ್ತಲು.

— ಮುಳ್ಳು ಉಳಿದದ್ದು ಹೊತ್ತು ಸಾಲದೆ. 250 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿ ತೊಗಟೆ ಕಟ್ಟಿಸಿ, ಬೆಣ್ಣೆ ಸವರಿ, ಅಲ್ಯುಮಿನಿಯಂ ಹಾಳೆ ಸುತ್ತಿ 125ಕ್ಕೆ ಇಳಿಸಿ ಐದು ಗಂಟೆ ಬಿಡಿ. ಮುಯಿಕ್ಕು ಎಂಬ ಪುಟ್ಟ ಕೆರೆಮೀನಿಗೆ ಇಷ್ಟು ಸಾಕು. ತಲೆ, ಕರುಳು ತೆಗೆದರಾಯಿತು. ಅಹ್ವೆನ್ (ಪರ್ಚ್) ಮೀನಾದರೆ ಹುರುಪೆ, ರೆಕ್ಕೆ ತೆಗೆದು ಇನ್ನೊಂದು ಗಂಟೆ ಸೇರಿಸಿ. ಅವಸರಕ್ಕೆ ಉರಿ ಏರಿಸಿದರೆ ತೊಗಟೆ ಕಲ್ಲಾಗುತ್ತದೆ, ಮುಳ್ಳು ಮುಳ್ಳಾಗಿಯೇ ಇರುತ್ತದೆ.

— ಹಂದಿ ಬೇಡವಾದವರು ಬೆಣ್ಣೆ ಹಾಕಬಹುದು, ಆದರೆ ಅದನ್ನು ಸಾಂಪ್ರದಾಯಿಕ ಎನ್ನಲಾಗದು. 2002ರಲ್ಲಿ ಐರೋಪ್ಯ ಒಕ್ಕೂಟ ಕಲಕುಕ್ಕೊವನ್ನು ಸಾಂಪ್ರದಾಯಿಕ ವಿಶೇಷ ತಿನಿಸೆಂದು ನೋಂದಾಯಿಸಿದೆ. ಒಲೆಯಿಂದ ತೆಗೆದ ಮೇಲೆ ದಪ್ಪ ಟವೆಲ್ ಸುತ್ತಿ ಒಂದೆರಡು ಗಂಟೆ ಇಡಿ, ತೊಗಟೆ ಮೆತ್ತಗಾಗುತ್ತದೆ. ತಿನ್ನುವಾಗ ಮೇಲ್ಭಾಗವನ್ನು ಮುಚ್ಚಳದಂತೆ ಕೊಯ್ದು, ಅದಕ್ಕೂ ಬೆಣ್ಣೆ ಸವರಿ. ಜೊತೆಗೆ ಪೀಮಾ, ನಮ್ಮ ಗಟ್ಟಿ ಮಜ್ಜಿಗೆಯಂಥದ್ದು. ಉಳಿದರೆ ಮರುದಿನ ಹೋಳು ಮಾಡಿ ಬೆಣ್ಣೆಯಲ್ಲಿ ಹುರಿಯಿರಿ.