ಗ್ಲೋವ್ ಬಾಕ್ಸ್ ಕಿವಿ ಮುರಿದಿದೆ, ಮನೆಯಲ್ಲೇ ಗಟ್ಟಿಯಾಗಿ ಸರಿ ಮಾಡಿದವರು ಇದ್ದೀರಾ?

ಮೈಸೂರಿನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೆಯ ಹ್ಯಾಚ್‌ಬ್ಯಾಕ್ ಕಾರು. ಗ್ಲೋವ್ ಬಾಕ್ಸ್‌ನ ಕೆಳಗೆ, ಅದು ಕೀಲಿಗೆ (ಹಿಂಜ್‌ಗೆ) ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಕಿವಿ ಒಂದು ಕಡೆ ಮುರಿದುಹೋಗಿದೆ. ಮುಚ್ಚಿದರೆ ಸೊಟ್ಟಗೆ ಕೂರುತ್ತದೆ. ಹಂಪ್ ಮೇಲೆ ಹೋದರೆ ತಾನಾಗಿಯೇ ತೆರೆದುಕೊಂಡು ಪಕ್ಕದಲ್ಲಿ ಕೂತವರ ಮೊಣಕಾಲಿಗೆ ಬಡಿಯುತ್ತದೆ. ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ ಪೂರ್ತಿ ಬಾಕ್ಸೇ ಬದಲಾಯಿಸಬೇಕು, ಆರ್ಡರ್ ಹಾಕಿ ಕಾಯಬೇಕು ಅಂದರು. ಸೂಪರ್ ಗ್ಲೂ ಒಂದು ವಾರವೂ ನಿಲ್ಲಲಿಲ್ಲ. ಮುರಿದ ಚೂರು ನನ್ನ ಹತ್ತಿರವೇ ಇದೆ. ಜೊತೆಗೆ ಆರ್ಮ್‌ರೆಸ್ಟ್ ಡಬ್ಬಿಯ ಮುಚ್ಚಳವೂ ಲಾಕ್ ಆಗುತ್ತಿಲ್ಲ. ಕೈಯಾರೆ ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಿ.

ತುಮಕೂರಿನಿಂದ:

ಸರ್, ಚೂರು ಎಸೆಯದೆ ಇಟ್ಟುಕೊಂಡಿದ್ದೀರಲ್ಲ, ಅದೇ ದೊಡ್ಡ ಅನುಕೂಲ. ನಮ್ಮ ಕಾರಲ್ಲೂ ಅಣ್ಣನ ಕಾರಲ್ಲೂ ಇದೇ ಕೆಲಸ ಮಾಡಿದ್ದೇನೆ, ಎರಡೂ ಗಟ್ಟಿಯಾಗಿ ನಿಂತಿವೆ. ಅಂಟಿನ ಅಂಗಡಿಗೆ ಹೋಗುವ ಮೊದಲು ಅದು ಯಾವ ಪ್ಲಾಸ್ಟಿಕ್ ಅಂತ ತಿಳಿದುಕೊಳ್ಳಿ. ಸೂಪರ್ ಗ್ಲೂ ನಿಲ್ಲದಿರುವುದಕ್ಕೆ ಕಾರಣವೂ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಮೊದಲು ಬಾಕ್ಸ್ ಖಾಲಿ ಮಾಡಿ ಹೊರಗೆ ತೆಗೆಯಿರಿ. ಬಹಳಷ್ಟು ಕಾರುಗಳಲ್ಲಿ ಸ್ಕ್ರೂ ಕೂಡ ಇರುವುದಿಲ್ಲ. ಬಾಕ್ಸ್ ತೆರೆದು ಎರಡೂ ಪಕ್ಕದ ಗೋಡೆಗಳನ್ನು ಒಳಗಡೆಗೆ ಒತ್ತಿದರೆ ಸ್ಟಾಪರ್‌ಗಳು ತಪ್ಪಿಕೊಂಡು ಬಾಕ್ಸ್ ಪೂರ್ತಿ ಕೆಳಗೆ ಬಾಗುತ್ತದೆ, ಆಮೇಲೆ ಕೀಲಿನಿಂದ ಎಳೆದು ಬಿಡಿಸಬಹುದು. ಒಂದು ಪಕ್ಕದಲ್ಲಿ ದಾರ ಅಥವಾ ಬಾಕ್ಸ್ ನಿಧಾನವಾಗಿ ತೆರೆಯುವಂತೆ ತಡೆಯುವ ಸಣ್ಣ ಡ್ಯಾಂಪರ್ ಕಡ್ಡಿ ಇದ್ದರೆ ಅದನ್ನು ಮೊದಲೇ ಬಿಡಿಸಿ. ಒಳಗೆ ಲೈಟ್ ಇದ್ದರೆ ಅದರ ವೈರ್ ಕೂಡ.

ಈಗ ಬಾಕ್ಸ್ ತಿರುಗಿಸಿ ಹಿಂಭಾಗ ನೋಡಿ. ಬಾಣದ ತಲೆಯಂಥ ಎರಡು ಗುರುತುಗಳ ನಡುವೆ ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ಪಿಪಿ ಅಥವಾ ಎಬಿಎಸ್. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಎಬಿಎಸ್ ಇನ್ನೊಂದು ಜಾತಿಯ ಪ್ಲಾಸ್ಟಿಕ್ (ಬ್ರೇಕಿನ ಎಬಿಎಸ್ ಅಲ್ಲ). ಪಕ್ಕದಲ್ಲಿ ಟಿಡಿ20 ಅಂತಿದ್ದರೆ ಶೇ 20ರಷ್ಟು ಟಾಲ್ಕ್ ಪುಡಿ ಬೆರೆಸಿದ್ದಾರೆ ಅಂತ ಅರ್ಥ. ಈ ಪಿಪಿ ಮೇಲೆ ಸೂಪರ್ ಗ್ಲೂ ಆಗಲಿ ಎಪಾಕ್ಸಿ (ಆರಲ್ಡೈಟ್‌ನಂತೆ ಎರಡು ಟ್ಯೂಬ್ ಕಲಸಿ ಹಚ್ಚುವ ಅಂಟು) ಆಗಲಿ ಸರಿಯಾಗಿ ಹಿಡಿಯುವುದಿಲ್ಲ. ಒಣಗಿದ ಮೇಲೆ ಉಗುರಲ್ಲಿ ಕೆರೆದರೆ ಹಾಳೆಯಂತೆ ಎದ್ದು ಬರುತ್ತದೆ. ಎಬಿಎಸ್ ಆದರೆ ಅಂಟು ಚೆನ್ನಾಗಿ ಕಚ್ಚುತ್ತದೆ.

ಗುರುತು ಕಾಣದಿದ್ದರೆ ಕೆಲವರು ಚೂರನ್ನು ನೀರಿಗೆ ಹಾಕಿ ನೋಡಿ ಅನ್ನುತ್ತಾರೆ. ತೇಲಿದರೆ ಎಬಿಎಸ್ ಅಲ್ಲ ಅನ್ನುವುದು ಖಚಿತ. ಆದರೆ ಮುಳುಗಿತು ಅಂತ ಎಬಿಎಸ್ ಎಂದು ತೀರ್ಮಾನಿಸಬೇಡಿ, ಟಾಲ್ಕ್ ಬೆರೆತ ಪಿಪಿಯೂ ಮುಳುಗುತ್ತದೆ. ಹೊರಗೆ ಕಾಣದ ಜಾಗದಲ್ಲಿ ಹತ್ತಿಯಿಂದ ಒಂದು ಹನಿ ಅಸಿಟೋನ್ ಒರೆಸಿ. ಮೇಲ್ಮೈ ಜಿಗುಟಾದರೆ ಎಬಿಎಸ್, ಏನೂ ಆಗದಿದ್ದರೆ ಹೆಚ್ಚಾಗಿ ಪಿಪಿ. ನೇಲ್ ಪಾಲಿಶ್ ರಿಮೂವರ್ ತರುವುದಾದರೆ ಬಾಟಲಿ ಮೇಲೆ ಓದಿ ತನ್ನಿ, ಅಸಿಟೋನ್ ಇಲ್ಲದವೂ ಬರುತ್ತವೆ.

ಎಬಿಎಸ್ ಆದರೆ ಕೆಲಸ ಸುಲಭ. ಅದೇ ಬಾಕ್ಸ್‌ನ ಕಾಣದ ಅಂಚಿನಿಂದ ಸ್ವಲ್ಪ ಕೆರೆದ ಪುಡಿಯನ್ನು ಗಾಜಿನ ಶೀಸೆಯಲ್ಲಿ ಅಸಿಟೋನ್ ಜೊತೆ ರಾತ್ರಿಯಿಡೀ ಬಿಡಿ, ಗಟ್ಟಿ ಗಂಜಿಯ ಹದಕ್ಕೆ ಬರುತ್ತದೆ. ಅದನ್ನು ಬಿರುಕಿಗೆ ಹಚ್ಚಿ ಚೂರನ್ನು ಕೂರಿಸಿ, ಅಲುಗಾಡದಂತೆ ಟೇಪ್ ಸುತ್ತಿ ಒಂದು ದಿನ ಬಿಟ್ಟರೆ ಪ್ಲಾಸ್ಟಿಕ್ ಪ್ಲಾಸ್ಟಿಕ್‌ಗೇ ಬೆಸೆದುಕೊಳ್ಳುತ್ತದೆ. ಅಸಿಟೋನ್ ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ.

ಪಿಪಿ ಆದರೆ ಬೆಸುಗೆಯೇ ದಾರಿ. 25 ವ್ಯಾಟ್‌ನ ಸಾಧಾರಣ ಸೋಲ್ಡರಿಂಗ್ ಐರನ್ ಸಾಕು. ಬಿರುಕಿನ ಉದ್ದಕ್ಕೂ ಬ್ಲೇಡಿನಿಂದ ವಿ ಆಕಾರದ ಸಣ್ಣ ಕಾಲುವೆ ಮಾಡಿ. ಚೂರನ್ನು ಸರಿಯಾಗಿ ಕೂರಿಸಿ ಮೊದಲು ಎರಡು ತುದಿಗಳಲ್ಲಿ ಚುಕ್ಕೆಯಷ್ಟು ಕರಗಿಸಿ ಹಿಡಿಸಿ. ಆಮೇಲೆ ಸ್ಟೇಪ್ಲರ್ ಪಿನ್ನನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಐರನ್ ತುದಿಯಿಂದ ಮೃದುವಾಗಿ ಒತ್ತಿ. ಪಿನ್ ಬಿಸಿಯಾಗಿ ಸುತ್ತಲಿನ ಪ್ಲಾಸ್ಟಿಕ್ ಹೊಳೆಯಲು ಶುರುವಾಗುತ್ತದೆ, ಆಗ ತಾನಾಗಿಯೇ ಒಳಗೆ ಇಳಿಯುತ್ತದೆ. ಅರ್ಧ ದಪ್ಪಕ್ಕೆ ಇಳಿದ ಕೂಡಲೇ ಐರನ್ ತೆಗೆದು ಸ್ಕ್ರೂಡ್ರೈವರ್ ತುದಿಯಿಂದ ಪಿನ್ನನ್ನು ಒತ್ತಿಹಿಡಿಯಿರಿ, ಇಲ್ಲದಿದ್ದರೆ ಐರನ್ ಜೊತೆಗೇ ಎದ್ದು ಬರುತ್ತದೆ. ಹೀಗೆ ಬೆರಳಗಲಕ್ಕೆ ಒಂದೊಂದು. ಹೊಗೆ ಬಂದರೆ ಬಿಸಿ ಜಾಸ್ತಿಯಾಯಿತು ಅಂತ. ಸುಟ್ಟ ಪ್ಲಾಸ್ಟಿಕ್ಕಿಗೆ ಶಕ್ತಿ ಇರುವುದಿಲ್ಲ.

ಮೇಲೆ ತುಂಬಿಸಲು ಅದೇ ಜಾತಿಯ ಪ್ಲಾಸ್ಟಿಕ್ ಬೇಕು. ಹೋಟೆಲ್‌ನಿಂದ ಪಾರ್ಸೆಲ್ ಬರುವ ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇದ್ದರೆ ಅದು ಪಿಪಿ. ಕಡ್ಡಿಯಂತೆ ಕತ್ತರಿಸಿಟ್ಟುಕೊಂಡು ಕಾಲುವೆಯಲ್ಲಿ ಕರಗಿಸುತ್ತಾ ಹೋಗಿ. ವಿಡಿಯೋಗಳಲ್ಲಿ ಕೇಬಲ್ ಟೈ ಕರಗಿಸಿ ತುಂಬುವುದನ್ನು ತೋರಿಸುತ್ತಾರೆ. ಕೇಬಲ್ ಟೈ ನೈಲಾನ್, ಅದು ಪಿಪಿಯ ಜೊತೆ ಬೆರೆಯುವುದೇ ಇಲ್ಲ. ನೋಡಲು ಮುಚ್ಚಿದಂತೆ ಕಾಣುತ್ತದೆ ಅಷ್ಟೇ.

ಇಷ್ಟಾದರೂ ಕಿವಿಯ ಜಾಗಕ್ಕೆ ನಾನು ಬೆಸುಗೆಯೊಂದನ್ನೇ ನಂಬುವುದಿಲ್ಲ. ಬಾಕ್ಸ್ ಭಾರವೆಲ್ಲ ಬೀಳುವುದು ಅಲ್ಲೇ. ಚೂರು ತನ್ನ ಜಾಗದಲ್ಲಿ ಕೂತರೆ ಅಂಟಿನ ಕೆಲಸ ಮುಗಿಯಿತು, ಭಾರ ಹೊರುವುದಕ್ಕೆ ಲೋಹವೇ ಬೇಕು. ಅಲ್ಯೂಮಿನಿಯಂ ಪಟ್ಟಿಯ ತುಂಡನ್ನು ಕಿವಿಯ ಒಳಬದಿಗೆ ಹೊಂದುವಂತೆ ಬಗ್ಗಿಸಿ, 3 ಮಿ.ಮೀ. ಬೋಲ್ಟ್, ಅಗಲ ವಾಷರ್ ಹಾಕಿ ಬಿಗಿಯಿರಿ. ಒಂದು ಬೋಲ್ಟ್ ಚೂರಿನ ಕಡೆ, ಇನ್ನೊಂದು ಗಟ್ಟಿ ಗೋಡೆಯ ಕಡೆ ಬರಬೇಕು. ಕೀಲಿನ ಪಿನ್ ಭಾಗವೇ ಮುರಿದಿದ್ದರೆ ಸೈಕಲ್ ಕಡ್ಡಿ ಒಳ್ಳೆಯದು. ಅದು ಸುಮಾರು 2 ಮಿ.ಮೀ. ದಪ್ಪ, ಉಕ್ಕು, ಸೈಕಲ್ ಶಾಪಿನಲ್ಲಿ ಹಳೆಯದನ್ನು ಸುಮ್ಮನೆ ಕೊಡುತ್ತಾರೆ.

ಕಲಬುರಗಿಯಿಂದ:

ಮ್ಯಾಲೆ ಹೇಳಿದವ್ರ ಮಾತು ಖರೇ ಅದ್ರೀ. ನಾ ಒಂದ್ ಮಾತು ಕೂಡಸ್ತೀನಿ. ಹಾಟ್ ಗ್ಲೂ ಗನ್ ಯಾರ್ ಹೇಳಿದ್ರೂ ಹಚ್ಚಬ್ಯಾಡ್ರಿ. ನಮ್ ಕಡಿ ಬ್ಯಾಸಿಗ್ಯಾಗ ಬಿಸಲಾಗ ನಿಲ್ಲಿಸಿದ ಗಾಡಿ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟ್ತದ, ಆ ಕಾವಿಗೆ ಗ್ಲೂ ಮೆತ್ತಗಾಗಿ ಜಾರ್ತದ. ಡಬಲ್ ಟೇಪಿಂದೂ ಅದೇ ಕಥಿ. ನಮ್ ಗಾಡಿ ಎಬಿಎಸ್ ಇತ್ತು, ಉಪ್ಪಿನಕಾಗದಾ ತಿಕ್ಕಿ ಆರಲ್ಡೈಟ್ ಹಚ್ಚಿ, ಮ್ಯಾಲ ಪಟ್ಟಿ ಕೂಡಿಸಿ ಬೋಲ್ಟ್ ಹಾಕೀನಿ. ಸಮ ಸಮ ಕಲಸಿ ರಾತ್ರಿ ಪೂರ್ತಿ ಬಿಡ್ರಿ, ಅವಸರ ಮಾಡಬ್ಯಾಡ್ರಿ. ಒಂದೆರಡು ಬ್ಯಾಸಿಗಿ ಕಳದಾವ, ಅಲುಗಾಡಿಲ್ಲ.

ಶಿವಮೊಗ್ಗದಿಂದ:

ನಾನು ಆರ್ಮ್‌ರೆಸ್ಟ್ ಲಾಕ್ ಬಗ್ಗೆ ಹೇಳ್ತೀನಿ ಸರ್, ಅದನ್ನು ನಮ್ಮ ಮನೆಯಲ್ಲಿ ನಾನೇ ಸರಿ ಮಾಡಿದ್ದು. ಮುಚ್ಚಳದ ಒಳಭಾಗದ ಕವರ್ ಸಣ್ಣ ಸ್ಕ್ರೂಗಳಲ್ಲಿ ಕೂತಿರುತ್ತೆ. ಬಿಚ್ಚುವಾಗ ಕೈ ಅಡ್ಡ ಇಟ್ಟುಕೊಳ್ಳಿ, ಒಳಗಿನ ಸ್ಪ್ರಿಂಗ್ ಹಾರಿಹೋಗುತ್ತೆ. ತೆಗೆಯುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಲಾಕ್ ಹಿಡಿಯದೆ ಇರೋದು ಹೆಚ್ಚಿನ ಸಲ ಕೊಂಡಿ ಮುರಿದು ಅಲ್ಲ, ಅದರ ಮೂತಿ ಸವೆದು ದುಂಡಗಾಗಿರುತ್ತೆ, ಇಲ್ಲಾ ಸ್ಪ್ರಿಂಗ್ ಜಾಗ ತಪ್ಪಿರುತ್ತೆ. ಸವೆದ ಮೂತಿಗೆ ಹೊಸ ಅಂಚು ಕಟ್ಟೋದಕ್ಕೆ, ಪ್ಲಾಸ್ಟಿಕ್ ಅಂಟು ಹಿಡಿಯೋ ಜಾತಿದಾದರೆ, ಸೂಪರ್ ಗ್ಲೂ ಹನಿ ಬಿಟ್ಟು ಮೇಲೆ ಅಡುಗೆ ಸೋಡಾ ಉದುರಿಸಿ. ಕ್ಷಣದಲ್ಲಿ ಕಲ್ಲಾಗುತ್ತೆ. ಪದರ ಪದರವಾಗಿ ಏರಿಸಿ, ಉಗುರಿನ ಫೈಲ್‌ನಲ್ಲಿ ಉಜ್ಜಿ ಆಕಾರ ಕೊಟ್ಟೆ. ಕಪ್ಪು ಪ್ಲಾಸ್ಟಿಕ್ ಮೇಲೆ ಅಂಟಿನ ಆವಿಗೆ ಬೂದಿಯಂಥ ಬಿಳಿ ಕಲೆ ಕೂರುತ್ತೆ, ಅದಕ್ಕೇ ಹೊರಗೆ ಕಾಣೋ ಕಡೆ ಈ ವಿಧಾನ ಬೇಡ.

ಇನ್ನೊಂದು ವಿಷಯ. ಗ್ಲೋವ್ ಬಾಕ್ಸ್ ಕಿವಿ ಮುರಿಯೋದಕ್ಕೆ ದೊಡ್ಡ ಕಾರಣ ಎಸಿ ಫಿಲ್ಟರ್. ಬಹಳ ಕಾರುಗಳಲ್ಲಿ ಈ ಫಿಲ್ಟರ್ (ಕ್ಯಾಬಿನ್ ಫಿಲ್ಟರ್ ಅಂತಲೂ ಅಂತಾರೆ) ಇರೋದು ಈ ಬಾಕ್ಸ್ ಹಿಂದೆ. ಅದನ್ನು ತೆಗೆಯೋದಕ್ಕೆ ಪಕ್ಕದ ಗೋಡೆ ಒತ್ತದೆ ಬಾಕ್ಸನ್ನು ಜೋರಾಗಿ ಎಳೆದರೆ ಕಿವಿಯೇ ಹೋಗುತ್ತೆ. ನೀವು ಬಾಕ್ಸ್ ಹೊರಗೆ ತೆಗೆದಾಗ ಫಿಲ್ಟರ್ ಕೂಡ ನೋಡಿಬಿಡಿ, ಒಂದೇ ಖರ್ಚಿನಲ್ಲಿ ಎರಡು ಕೆಲಸ. ಮುಂದೆ ಸರ್ವೀಸ್‌ಗೆ ಬಿಟ್ಟಾಗ, ಕಾರು ವಾಪಸ್ ತಗೊಳ್ಳೋ ಮೊದಲು ಬಾಕ್ಸ್ ತೆರೆದು ಮುಚ್ಚಿ ನೋಡೋದು ಒಳ್ಳೇದು.

ದಯವಿಟ್ಟು ಇದೊಂದು ಮರೆಯಬೇಡಿ: ಗ್ಲೋವ್ ಬಾಕ್ಸ್ ಮೇಲುಗಡೆಯೇ ಪ್ಯಾಸೆಂಜರ್ ಏರ್‌ಬ್ಯಾಗ್ ಇರುತ್ತೆ. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಹೊಸ ಮಾಡೆಲ್‌ಗಳಿಗೆ ಅದು ಕಡ್ಡಾಯ, ಹಳೆಯ ಕಾರುಗಳಲ್ಲೂ ಎಷ್ಟೋ ಕಡೆ ಇದೆ. ಬಾಕ್ಸ್ ತೆಗೆದಾಗ ಹಳದಿ ವೈರ್, ಹಳದಿ ಕನೆಕ್ಟರ್ ಕಂಡರೆ ಮುಟ್ಟಲೇಬೇಡಿ. ಡ್ರಿಲ್, ಐರನ್ ಎಲ್ಲ ಬಾಕ್ಸನ್ನು ಹೊರಗೆ ತಂದು ಮೇಜಿನ ಮೇಲಿಟ್ಟೇ ಉಪಯೋಗಿಸಿ, ಕಾರಿನೊಳಗೆ ಕೂತು ಬೇಡ. ಡ್ಯಾಶ್‌ಬೋರ್ಡ್ ಕಡೆಯ ಕೀಲೇ ಮುರಿದಿದ್ದರೆ ಆ ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗೆ ಬಿಡಿ.

ಬೆಂಗಳೂರಿನಿಂದ:

ಎಲ್ಲರೂ ಸರಿಯಾಗೇ ಹೇಳಿದ್ದಾರೆ. ಕಿವಿ ಪೂರ್ತಿ ಪುಡಿಯಾಗಿದ್ದರೆ ಮಾತ್ರ ಸೆಕೆಂಡ್ ಹ್ಯಾಂಡ್ ಬಾಕ್ಸ್ ನೋಡಿ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸಿಗುತ್ತೆ, ಹೊಸ ಪಾರ್ಟ್‌ಗೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ನಿಮ್ಮ ಹಳೆಯ ಬಾಕ್ಸನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಂದೇ ಮಾಡೆಲ್ ಆದರೂ ವರ್ಷದಿಂದ ವರ್ಷಕ್ಕೆ ಬಣ್ಣ, ಲೈಟಿನ ತೂತು, ಲಾಕ್ ಕೂರುವ ಜಾಗ ಬದಲಾಗಿರಬಹುದು. ದುಡ್ಡು ಕೊಡುವ ಮೊದಲು ಎರಡೂ ಕಿವಿಗಳನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಅದೂ ಮುರಿಯುವ ಹಂತದಲ್ಲಿದೆ, ಬೇರೆ ಕೇಳಿ.