ಮಿನಿ ಟ್ರ್ಯಾಕ್ಟರ್ ಪ್ರಶ್ನೋತ್ತರ: ತೋಟದವರು ಕೇಳಿದ್ದು, ಮೇಸ್ತ್ರಿ ಹೇಳಿದ್ದು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಮಿನಿ ಟ್ರ್ಯಾಕ್ಟರ್ ಬಗ್ಗೆ ಮಾತ್ರ. ಚನ್ನಗಿರಿ ಕಡೆ ಟ್ರ್ಯಾಕ್ಟರ್ ವರ್ಕ್‌ಶಾಪ್ ನಡೆಸುವ ನಮ್ಮ ಮೇಸ್ತ್ರಿ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ, ಶುಭ ಸಂಜೆ ಫೋಟೋನೂ ಬೇಡ.

ಕೊಪ್ಪದ ಅಡಿಕೆ: ನಮಸ್ತೆ ಮೇಸ್ತ್ರಿ. ಆರು ಎಕರೆ ಅಡಿಕೆ, 9 ಅಡಿ ಅಂತರ. ಗೊಬ್ಬರ ಹೊರೋಕೆ, ಔಷಧಿ ಹೊಡೆಯೋಕೆ, ಕಳೆಗೆ ಒಂದು ಮಿನಿ ಟ್ರ್ಯಾಕ್ಟರ್ ಬೇಕು. ಯಾವುದು ತಗೊಳ್ಳಲಿ?

ಮೇಸ್ತ್ರಿ: ನಮಸ್ಕಾರ. ಕಂಪನಿ ಹೆಸರು ಆಮೇಲೆ. ಮೊದಲು ಟೇಪ್ ಹಿಡ್ಕೊಂಡು ತೋಟಕ್ಕೆ ಹೋಗಿ. 9 ಅಡಿ ಅನ್ನೋದು ಗಿಡ ನೆಟ್ಟ ದಿನದ ಲೆಕ್ಕ. ಮರದ ದಪ್ಪ, ಬಸಿಗಾಲುವೆ, ಡ್ರಿಪ್ ಪೈಪು ಎಲ್ಲ ಕಳೆದು ಎಲ್ಲಿ ಅತಿ ಇಕ್ಕಟ್ಟಾಗಿದೆಯೋ ಅಲ್ಲಿ ಅಳೀರಿ. ಗಾಡಿಯ ಅಗಲದಲ್ಲಿ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡೋ ರೋಟವೇಟರ್ ಅಗಲವನ್ನೂ ಲೆಕ್ಕಕ್ಕೆ ತಗೊಳ್ಳಿ. ಎರಡೂ ಕಡೆ ಒಂದೊಂದು ಅಡಿಯಾದರೂ ಉಳಿಯಬೇಕು. ಸಾಲಿನ ತುದಿಯಲ್ಲಿ ತಿರುಗಿಸೋಕೆ ಜಾಗ ಇದೆಯಾ ನೋಡಿ. ಬೇಲಿ ಪಕ್ಕದವರೆಗೂ ಗಿಡ ಇಟ್ಟಿರ್ತೀರಿ, ಗಾಡಿ ಒಳಗೆ ಹೋಗುತ್ತೆ, ವಾಪಸ್ ಬರಲ್ಲ.

ನಿಮ್ಮ ಕಡೆ ನೆಲ ಸಮ ಇಲ್ಲ, ಮಳೆ ಜಾಸ್ತಿ. ಹಾಗಾಗಿ 20ರಿಂದ 25 ಎಚ್‌ಪಿ, ಫೋರ್ ವೀಲ್ ಡ್ರೈವ್ ಸಾಕು. ಡ್ರೈವರ್ ಹಿಂದೆ, ಗಾಡಿ ಮಗುಚಿದರೆ ಕಾಪಾಡೋ ಕಬ್ಬಿಣದ ಕಮಾನು ಇದೆಯಲ್ಲ, ಅದು ಮಡಚೋ ಥರದ್ದು ಇರಲಿ. ಅಡಿಕೆ ಸೋಗೆ ತಗಲೋ ಕಡೆ ಮಡಚಿ, ಹೊರಗೆ ಬಂದ ತಕ್ಷಣ ಎತ್ತಿ ಪಿನ್ ಹಾಕಿ. ಮಹೀಂದ್ರ ಜಿವೋ, ಕುಬೋಟ, ವಿಎಸ್‌ಟಿ ಎಲ್ಲರೂ ಈ ಅಳತೆಯಲ್ಲಿ ಗಾಡಿ ಮಾಡ್ತಾರೆ. ಡೆಮೊ ಷೋರೂಮ್ ಮುಂದೆ ಬೇಡ, ನಿಮ್ಮ ತೋಟಕ್ಕೇ ತರಿಸಿ. ಯಾರ ಸರ್ವಿಸ್ ನಿಮಗೆ ಹತ್ತಿರವೋ ಅವರ ಗಾಡಿ ತಗೊಳ್ಳಿ.

ತಿಪಟೂರು ತೆಂಗು: ಸರ್, 18 ಎಚ್‌ಪಿ ಗಾಡಿಗೆ 4 ಅಡಿ ರೋಟವೇಟರ್ ಹಾಕಬಹುದಾ? ಡೀಲರ್ ಹಾಕಿ ಅಂತಾರೆ.

ಮೇಸ್ತ್ರಿ: ಡೀಲರ್ ಮಾರ್ತಾರೆ, ಎಳೆಯೋದು ಎಂಜಿನ್. 3 ಅಡಿ ಹಾಕಿ. ಎಂಜಿನ್ ಎಚ್‌ಪಿ ಬೇರೆ, ಹಿಂದೆ ರೋಟವೇಟರ್ ತಿರುಗಿಸೋ ಪಿಟಿಒ ಶಾಫ್ಟಿಗೆ ಬರೋ ಎಚ್‌ಪಿ ಬೇರೆ. ಪಿಟಿಒಗೆ ಯಾವಾಗಲೂ ಕಡಿಮೇನೇ ಸಿಗೋದು. 4 ಅಡಿ ಬೇಕೇ ಬೇಕು ಅಂದ್ರೆ 24 ಎಚ್‌ಪಿಗೆ ಹೋಗಿ.

ಹಾವೇರಿ ಜೋಳ: ಸಬ್ಸಿಡಿ ಎಷ್ಟು ಸಿಗುತ್ತೆ ಸರ್?

ಮೇಸ್ತ್ರಿ: ಮೊತ್ತ ವರ್ಷ ವರ್ಷ ಬದಲಾಗುತ್ತೆ, ವರ್ಗದ ಮೇಲೂ ಹೋಗುತ್ತೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಗಾಡಿ ತಗೊಂಡ ಮೇಲೆ ಅರ್ಜಿ ಹಾಕ್ತೀನಿ ಅಂದ್ರೆ ಆಗಲ್ಲ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೇ ಕೊಟೇಷನ್ ತೋರಿಸಿದರೆ ಒಪ್ಪಬೇಡಿ.

ಅರಸೀಕೆರೆ 4 ಎಕರೆ: ಸೆಕೆಂಡ್ ಹ್ಯಾಂಡ್ ಗಾಡಿ ನೋಡಿದೀನಿ. ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರಿದೆ. ಮಾರೋರು ಸಾಲ ತೀರಿದೆ ಅಂತಾರೆ. ತಗೋಬಹುದಾ?

ತೀರ್ಥಹಳ್ಳಿ ತೋಟ: ಮೇಸ್ತ್ರಿ, ನಮ್ಮದು 24 ಎಚ್‌ಪಿ ಹಳೇ ಟೂ ವೀಲ್ ಡ್ರೈವ್ ಗಾಡಿ. ಕಮಾನು ಇಲ್ಲ. ಅಪ್ಪ ಹಳೇ ತೆಂಗಿನ ಬೊಡ್ಡೆ ಕೀಳ್ತಿದಾರೆ. ಸೀಟ್ ಹಿಂದೆ ಮೇಲ್ಗಡೆ ಇರೋ ಟಾಪ್ ಲಿಂಕ್ ಪಿನ್ನಿಗೆ ಸರಪಳಿ ಸಿಕ್ಕಿಸಿ ಎಳೀತಾರೆ. ಆಗ ಮುಂದಿನ ಚಕ್ರ ಒಂದು ಗೇಣು ಎದ್ದು ಮತ್ತೆ ಕೂರುತ್ತೆ. ಮುಂದೆ ಎಷ್ಟು ಕೆಜಿ ವೇಟ್ ಹಾಕಿದರೆ ಸರಿಹೋಗುತ್ತೆ?

ಮೇಸ್ತ್ರಿ: ವೇಟ್ ಮಾತು ಬಿಡಿ. ಮೊದಲು ಅಪ್ಪಾಜಿಗೆ ಫೋನ್ ಮಾಡಿ ಆ ಕೆಲಸ ನಿಲ್ಲಿಸಿ. ಆಮೇಲೆ ಇದನ್ನು ಓದಿ.

ಬೊಡ್ಡೆ ಅಲುಗಾಡಲ್ಲ. ಹಿಂದಿನ ಟೈರು ನೆಲ ಕಚ್ಚಿಕೊಂಡಿದೆ, ಜಾರಲ್ಲ. ಎಂಜಿನ್ ಮಾತ್ರ ತಿರುಗಿಸ್ತಾನೇ ಇರುತ್ತೆ. ಚಕ್ರ ತಿರುಗೋಕೆ ಆಗದಿದ್ದಾಗ ಆ ಶಕ್ತಿ ಎಲ್ಲಿಗೆ ಹೋಗಬೇಕು? ಆಕ್ಸಲ್ ಸುತ್ತ ಟ್ರ್ಯಾಕ್ಟರ್ ಬಾಡಿಯನ್ನೇ ಎತ್ತುತ್ತೆ. ಮುಂದಿನ ಚಕ್ರ ಏಳೋದು ಅದಕ್ಕೇ. ಸರಪಳಿ ಆಕ್ಸಲ್‌ಗಿಂತ ಕೆಳಗೆ, ಡ್ರಾಬಾರಲ್ಲಿ (ಹಿಂದೆ ಕೆಳಗಿರೋ ಎಳೆಯೋ ಪಟ್ಟಿ) ಇದ್ದರೆ ಮೂತಿ ಎದ್ದ ಹಾಗೆಲ್ಲ ಹುಕ್ ಕೆಳಗೆ ಹೋಗುತ್ತೆ, ಎಳೆತ ಕಮ್ಮಿ ಆಗುತ್ತೆ, ಗಾಡಿ ಕೂರುತ್ತೆ. ನೀವು ಕಟ್ಟಿರೋ ಜಾಗ ಆಕ್ಸಲ್‌ಗಿಂತ ಮೇಲಿದೆ. ಅಲ್ಲಿ ಸರಪಳಿಯೇ ಗಾಡಿಯನ್ನು ಹಿಂದಕ್ಕೆ ಮಗುಚುತ್ತೆ. ಇಲ್ಲೀತನಕ ಕೂತಿದ್ದು ಅದೃಷ್ಟ. ಪೂರ್ತಿ ಮಗುಚೋಕೆ ಒಂದೂವರೆ ಸೆಕೆಂಡು ಸಾಕು. ಎದ್ದಿದ್ದು ಗೊತ್ತಾಗಿ ಕಾಲು ಕ್ಲಚ್ಚಿಗೆ ಹೋಗೋ ಹೊತ್ತಿಗೆ ಸ್ಟೀರಿಂಗ್ ಎದೆ ಮೇಲೆ ಇರುತ್ತೆ. ಕಮಾನೂ ಇಲ್ಲ ಅಂತೀರಿ. ಹೀಗೆ ಮಗುಚಿದ ಗಾಡಿ ಕೆಳಗಿಂದ ಜನರನ್ನು ತೆಗೆದಿದ್ದನ್ನು ನೋಡಿದೀನಿ. ಅದನ್ನು ಇಲ್ಲಿ ಬರೆಯಲ್ಲ.

ಮುಂದೆ ವೇಟ್ ಹಾಕಿದರೆ ಸ್ವಲ್ಪ ತಡವಾಗಿ ಏಳುತ್ತೆ, ಅಷ್ಟೇ. ಮೇಲೆ ಕಟ್ಟಿದ ಸರಪಳಿಗೆ ಅದು ಮದ್ದಲ್ಲ. ಧೈರ್ಯ ಬಂತು ಅಂತ ಅಪ್ಪಾಜಿ ಇನ್ನೂ ಜೋರಾಗಿ ಎಳೀತಾರೆ.

ತೆಂಗಿನ ಬೊಡ್ಡೆಗೆ ಒಂದು ಗಂಟೆ ಜೆಸಿಬಿ ತರಿಸಿ. 24 ಎಚ್‌ಪಿ ಗಾಡಿ ಕೀಳೋ ವಸ್ತುವಲ್ಲ ಅದು. ಬಿದ್ದ ಮರದ ತುಂಡು ಎಳೀಬೇಕು ಅಂದ್ರೆ ಡ್ರಾಬಾರಿಗೆ ಮಾತ್ರ ಕಟ್ಟಿ. ಲೋ ಗೇರ್, ಸರಪಳಿ ಬಿಗಿ ಆಗೋ ತನಕ ನಿಧಾನ, ಎಗರಿಸಬೇಡಿ. ಯಾರನ್ನೂ ಸರಪಳಿ ಹತ್ತಿರ ನಿಲ್ಲಿಸಬೇಡಿ, ತುಂಡಾದರೆ ಕಾಲು ಹೋಗುತ್ತೆ. ಗಾಡಿ ಗುಂಡಿಗೆ ಇಳಿದು ಹಿಂದಿನ ಚಕ್ರ ಹೂತರೆ ಮುಂದಕ್ಕೆ ಎಬ್ಬಿಸೋಕೆ ಹೋಗಬೇಡಿ, ರಿವರ್ಸಲ್ಲೇ ತೆಗೀರಿ. ಚಕ್ರದ ಮುಂದೆ ಅಡ್ಡ ಮರದ ದಿಮ್ಮಿ ಕೊಟ್ಟು ಎತ್ತೋದು ಇನ್ನೂ ಕೆಟ್ಟದ್ದು.

ನಿಮ್ಮದು ಇಳಿಜಾರು ತೋಟ ಇರಬೇಕು. ಹಾಗಿದ್ದರೆ ಇದೂ ಕೇಳಿ. ಭಾರ ಇರೋ ತುದಿ ಯಾವಾಗಲೂ ಮೇಲ್ಗಡೆ ಇರಲಿ. ಹಿಂದೆ ರೋಟವೇಟರ್ ಇದ್ದರೆ ಕಡಿದಾದ ಕಡೆ ರಿವರ್ಸಲ್ಲಿ ಹತ್ತಿ. ಗೊಬ್ಬರದ ಟ್ರೇಲರ್ ಜೊತೆ ಇಳಿಯುವಾಗ ನ್ಯೂಟ್ರಲ್ ಬೇಡ, ಕ್ಲಚ್ ಒತ್ತಿ ಹಿಡಿಯೋದೂ ಬೇಡ. ಹತ್ತೋಕೆ ಬೇಕಾದ ಗೇರಲ್ಲೇ ಇಳೀರಿ. ಎರಡು ಬ್ರೇಕ್ ಪೆಡಲ್ ಸೇರಿಸೋ ಲಾಕ್ ಹಾಕಿರಿ. ಒಂದೇ ಪೆಡಲ್ ತುಳಿದರೆ ಗಾಡಿ ಒಂದೇ ಕಡೆ ಸುತ್ತುತ್ತೆ, ಟ್ರೇಲರ್ ಹಿಂದಿಂದ ತಳ್ಳುತ್ತೆ.

ಗಾಡಿ ಮಾಡೆಲ್ ಹೇಳಿ, ಅದಕ್ಕೆ ಕೂರೋ ಕಮಾನು ಸಿಗುತ್ತಾ ನೋಡ್ತೀನಿ. ಊರಲ್ಲಿ ಪೈಪ್ ಬಗ್ಗಿಸಿ ವೆಲ್ಡಿಂಗ್ ಮಾಡಿಸಬೇಡಿ, ಅದು ನೆರಳಿಗೆ ಮಾತ್ರ. ಕಮಾನು ಹಾಕಿದ ಮೇಲೆ ಬೆಲ್ಟ್ ಕಟ್ಟಲೇಬೇಕು. ಕಮಾನಿಲ್ಲದ ಗಾಡಿಗೆ, ಕಮಾನು ಮಡಚಿರುವಾಗ ಮಾತ್ರ ಬೆಲ್ಟ್ ಬೇಡ.

ತೀರ್ಥಹಳ್ಳಿ ತೋಟ: ಫೋನ್ ಮಾಡಿದೆ. "ಮೂವತ್ತು ವರ್ಷದಿಂದ ಓಡಿಸ್ತಿದೀನಿ" ಅಂತಾರೆ.

ಮೇಸ್ತ್ರಿ: ನನ್ನ ನಂಬರ್ ಅವರಿಗೆ ಕೊಡಿ. ಇಲ್ಲಾಂದ್ರೆ ಕೀಲಿ ಬಚ್ಚಿಡಿ.

ರಾಣೆಬೆನ್ನೂರು: ಎಲ್ಲ ಗುಂಪಲ್ಲೂ ಬಂದಿದೆ, ಉಪಯೋಗ ಆಗುತ್ತೆ ಅಂತ ಹಾಕ್ತಿದೀನಿ. "ರೇಡಿಯೇಟರ್ ಲೀಕ್ ಆದರೆ ಎರಡು ಚಮಚ ಅರಿಶಿನ ಹಾಕಿ. ಡೀಸೆಲ್ ಟ್ಯಾಂಕಿಗೆ ನಾಲ್ಕು ನುಸಿ ಗುಳಿಗೆ ಹಾಕಿದರೆ ಮೈಲೇಜ್ ಡಬಲ್. ಸ್ಟಾರ್ಟ್ ಆಗದಿದ್ದರೆ ಏರ್ ಫಿಲ್ಟರ್ ಹತ್ತಿರ ಪೆಟ್ರೋಲ್ ಬಟ್ಟೆ ಹಿಡಿಯಿರಿ. ಎಲ್ಲ ರೈತರಿಗೂ ಶೇರ್ ಮಾಡಿ."

ಮೇಸ್ತ್ರಿ: ಶೇರ್ ಮಾಡಬೇಡಿ. ಅರಿಶಿನ ತೂತು ಮುಚ್ಚೋ ಜೊತೆಗೆ ರೇಡಿಯೇಟರಿನ ಸಣ್ಣ ನಳಿಗೆಗಳನ್ನೂ ಮುಚ್ಚುತ್ತೆ. ಆಮೇಲೆ ಎಂಜಿನ್ ಬಿಸಿ ಆಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ನಾನು ಬಿಚ್ಚಿದಾಗ ಒಳಗೆ ಹಳದಿ ಕೆಸರು ಸಿಗುತ್ತೆ, ಬಿಲ್ ನೀವು ಕಟ್ತೀರಿ. ನುಸಿ ಗುಳಿಗೆ ಬೀರುವಿಗೆ. ಪೆಟ್ರೋಲ್ ಬಟ್ಟೆ ಹಿಡಿದರೆ ಪಿಸ್ಟನ್ ಒಡೆಯಬಹುದು, ಮುಖವೂ ಸುಡಬಹುದು. ಬೆಳಗ್ಗೆ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಬ್ಯಾಟರಿ ಟರ್ಮಿನಲ್, ಡೀಸೆಲ್ ಫಿಲ್ಟರ್, ಲೈನಲ್ಲಿ ಗಾಳಿ, ಈ ಮೂರು ನೋಡಿ. ಗಾಡಿ ಬಿಸಿ ಆಗ್ತಿದೆ ಅಂದ್ರೆ ರೇಡಿಯೇಟರ್ ಮುಂದಿನ ಜಾಲರಿಯಲ್ಲಿ ಹೊಟ್ಟು ತುಂಬಿರುತ್ತೆ, ತೆಗೆದು ಗಾಳಿ ಹೊಡೀರಿ. ಬಿಸಿ ಇರುವಾಗ ಮುಚ್ಚಳ ತೆಗೀಬೇಡಿ.

ರಾಣೆಬೆನ್ನೂರು: ನಮ್ಮ ಮಾವ ಅರಿಶಿನ ಹಾಕಿ ಎರಡು ವರ್ಷ ಓಡಿಸಿದಾರೆ ಸರ್.

ಮೇಸ್ತ್ರಿ: ಸಂತೋಷ.

ಸಹಜ ಕೃಷಿ: ಅಡಿಕೆ ತೋಟಕ್ಕೆ ಟ್ರ್ಯಾಕ್ಟರೇ ಯಾಕೆ ಅಂತ ಯಾರೂ ಕೇಳ್ತಿಲ್ಲ. ಅಡಿಕೆಯ ಬೇರು ಮೇಲ್ಮಣ್ಣಲ್ಲೇ ಹರಡಿರುತ್ತೆ. ರೋಟವೇಟರ್ ಹಾಕೋದು ಅಂದ್ರೆ ಬೇರು ಕತ್ತರಿಸಿದ ಹಾಗೆ.

ಕೊಪ್ಪದ ಅಡಿಕೆ: ಕಳೆ ಕೀಳೋಕೆ ಆಳು ಕಳಿಸಿಕೊಡಿ, ನಿಲ್ಲಿಸ್ತೀನಿ.

ಸಹಜ ಕೃಷಿ: ಮುಚ್ಚಿಗೆ ಮಾಡಿ. ಸೋಗೆ, ಹಾಳೆ, ಸೊಪ್ಪು ಹಾಕಿದರೆ ಕಳೆ ತಾನಾಗೇ ಕಮ್ಮಿ.

ಮಂಡ್ಯ ಗದ್ದೆ: ಇವ್ರು ಪುಸ್ತಕ ಓದಿ ಬೇಸಾಯ ಮಾಡೋರು. ಗದ್ದೆಗೆ ಬನ್ನಿ ಸ್ವಾಮಿ, ಮುಚ್ಚಿಗೆ ಹಾಕಿ ನಾಟಿ ಮಾಡಿ ತೋರಿಸಿ.

ಸಹಜ ಕೃಷಿ: ಗದ್ದೆ ಮಾತು ಯಾರು ಆಡಿದ್ರು? ಓದಿ ಮಾತಾಡಿ.

ಮಂಡ್ಯ ಗದ್ದೆ: ಓದೋಕೆ ನಿಮ್ಮಷ್ಟು ಪುರುಸೊತ್ತಿಲ್ಲ. ಸಾಲ ತೀರಿಸ್ಬೇಕು.

ಕೊಪ್ಪದ ಅಡಿಕೆ: ಇವರ ತೋಟದ ಫೋಟೋ ನೋಡಿದೀನಿ. ಒಳಗೆ ಮರ ಎಲ್ಲಿದೆ ಅಂತ ಹುಡುಕಬೇಕು.

ಮೇಸ್ತ್ರಿ: ಬೇರಿನ ವಿಷಯದಲ್ಲಿ ಅವರು ಹೇಳೋದು ಸರಿ. ಬುಡದಿಂದ ದೂರ ಇರಿ, ಮೇಲೆ ಮೇಲೆ ಕೆರೆಯಿರಿ. ಕಳೆಗಷ್ಟೇ ಆದರೆ ರೋಟವೇಟರ್ ಬಿಟ್ಟು ಹುಲ್ಲು ಕತ್ತರಿಸೋ ಸ್ಲ್ಯಾಷರ್ ಹಾಕಿ, ಮಣ್ಣು ಮುಟ್ಟಲ್ಲ. ಯಾವುದೇ ಹಾಕಿದರೂ ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವರ್ ಕಿತ್ತೆಸೆಯಬೇಡಿ. 540 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 9 ಸುತ್ತು. ಲುಂಗಿ, ಸೀರೆ ಸೆರಗು, ಟವೆಲ್ ಸಿಕ್ಕಿದರೆ ಕೂಗೋಕೂ ಟೈಮ್ ಇರಲ್ಲ. ಸೀಟಿಂದ ಇಳಿಯೋ ಮುಂಚೆ ಪಿಟಿಒ ಆಫ್.

ಅರಸೀಕೆರೆ 4 ಎಕರೆ: ಮೇಸ್ತ್ರಿ, ಆರ್‌ಸಿ ವಿಷಯ ಕೇಳಿದ್ದೆ.

ಹೊಸದುರ್ಗ: 5 ಎಕರೆಗೆ ಯಾವ ಟ್ರ್ಯಾಕ್ಟರ್ ಒಳ್ಳೇದು ಸರ್?

ಮೇಸ್ತ್ರಿ: ಕೊಪ್ಪದವರಿಗೆ ಬರೆದಿದ್ದು ಓದಿ.

ಚಿಂತಾಮಣಿ ಟೊಮೆಟೊ: ಮೈಲೇಜ್ ಎಷ್ಟು ಬರುತ್ತೆ?

ಮೇಸ್ತ್ರಿ: ಟ್ರ್ಯಾಕ್ಟರಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ಗಂಟೆ ಲೆಕ್ಕ. ಕೆಲಸದ ಮೇಲೆ ಹೋಗುತ್ತೆ.

ಚಿಂತಾಮಣಿ ಟೊಮೆಟೊ: ಅಂದಾಜು?

ಸಕಲೇಶಪುರ ಎಸ್ಟೇಟ್: ನಮ್ಮದೊಂದು ವಿಚಿತ್ರ ತೊಂದರೆ. 24 ಎಚ್‌ಪಿ ಫೋರ್ ವೀಲ್. ಮುಂದಿನ ಟೈರು ಸವೆದಿತ್ತು, ಸೆಕೆಂಡ್ ಹ್ಯಾಂಡ್ ಜೋಡಿ ಸಿಕ್ತು, ಒಂದು ಸೈಜ್ ದೊಡ್ಡದು, ಕೂತಿತು. ಈಗ ಡಾಂಬರ್ ರಸ್ತೆಯಲ್ಲಿ ಫೋರ್ ವೀಲ್ ಲಿವರ್ ಬಿಡಿಸೋಕೇ ಬರಲ್ಲ. ಮುಂದಿಂದ ಕಟಕಟ ಸದ್ದು. ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾರೆ.

ಮೇಸ್ತ್ರಿ: ಏನನ್ನೂ ಬಿಚ್ಚಬೇಡಿ. ಒಳ್ಳೇ ಕೇಸು ಇದು. ಹಿಂದಿನ ಟೈರು ಎಷ್ಟು ಸವೆದಿದೆ?

ಸಕಲೇಶಪುರ ಎಸ್ಟೇಟ್: ಟೈರಿನ ಗುಬ್ಬಿ (ಹಲ್ಲು) ಅರ್ಧಕ್ಕಿಂತ ಕಮ್ಮಿ ಉಳಿದಿದೆ.

ಮೇಸ್ತ್ರಿ: ಅದೇ ಅಂದ್ಕೊಂಡೆ. ಒಂದು ಅಳತೆ ಮಾಡಿ. ಸಡಿಲ ಮಣ್ಣಿನ ಸಮ ಜಾಗಕ್ಕೆ ಹೋಗಿ. ಹಿಂದಿನ ಒಂದು ಟೈರು, ಮುಂದಿನ ಒಂದು ಟೈರು, ಎರಡಕ್ಕೂ ಸುಣ್ಣದಲ್ಲಿ ಗೆರೆ ಎಳೀರಿ. ನಿಧಾನ ಗೇರಲ್ಲಿ ಓಡಿಸಿ, ಒಬ್ಬರು ಪಕ್ಕದಲ್ಲಿ ದೂರದಿಂದ ನಡೀಲಿ. ಹಿಂದಿನ ಚಕ್ರ 10 ಸುತ್ತು ಬರೋ ತನಕ ಮುಂದಿನದು ಎಷ್ಟು ಸುತ್ತಿತು ಎಣಿಸಿ. ಒಂದ್ಸಲ ಟೂ ವೀಲಲ್ಲಿ, ಒಂದ್ಸಲ ಫೋರ್ ವೀಲಲ್ಲಿ.

ಮಂಡ್ಯ ಗದ್ದೆ: ಹೊಸ ಟೈರ್ ಹಾಕ್ಸಿ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು.

ಸಹಜ ಕೃಷಿ: ಪುರುಸೊತ್ತಿಲ್ಲದವರು ಇನ್ನೂ ಇಲ್ಲೇ ಇದ್ದಾರೆ.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಮುಂದಿನ ಮೆಸೇಜಿಗೆ ತೆಗೆದು ಹಾಕ್ತೀನಿ.

ಸಕಲೇಶಪುರ ಎಸ್ಟೇಟ್: ಅಳೆದೆ ಮೇಸ್ತ್ರಿ. ಟೂ ವೀಲಲ್ಲಿ ಮುಂದಿನದು 14 ಸುತ್ತು. ಫೋರ್ ವೀಲಲ್ಲಿ 15.

ಮೇಸ್ತ್ರಿ: 14ಕ್ಕೆ 1 ಜಾಸ್ತಿ, ಅಂದ್ರೆ 7 ಪರ್ಸೆಂಟ್. ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರ ನೆಲಕ್ಕಿಂತ ಸ್ವಲ್ಪ ಜೋರಾಗಿ ಓಡಬೇಕು, ಆಗಲೇ ಅದು ಎಳೆಯೋದು. ಸಾಮಾನ್ಯವಾಗಿ 1ರಿಂದ 5 ಪರ್ಸೆಂಟ್ ಒಳಗೆ ಇರಬೇಕು. ನೀವು ಮುಂದೆ ದೊಡ್ಡದು ಹಾಕಿದ್ರಿ, ಹಿಂದೆ ಸವೆದು ಚಿಕ್ಕದಾಯ್ತು. ಎರಡೂ ಸೇರಿ ಮಿತಿ ದಾಟಿದೆ. ಮಣ್ಣಲ್ಲಿ ಚಕ್ರ ಜಾರಿ ಅಡ್ಜಸ್ಟ್ ಆಗುತ್ತೆ. ಡಾಂಬರಲ್ಲಿ ಜಾರೋಕೆ ಜಾಗ ಇಲ್ಲ, ಆ ಬಿಗಿ ಗೇರಲ್ಲಿ ಕೂರುತ್ತೆ. ಲಿವರ್ ಹಿಡಿಯೋದು, ಕಟಕಟ ಅನ್ನೋದು ಅದಕ್ಕೇ. ಲಿವರನ್ನು ಒದೆಯಬೇಡಿ. ಒಂದೆರಡು ಮಾರು ರಿವರ್ಸ್ ಹೋಗಿ, ಬಿಗಿ ಸಡಿಲಿ ತಾನಾಗೇ ಬರುತ್ತೆ.

ಕಂಪನಿ ಪುಸ್ತಕದಲ್ಲಿ ಹಿಂದಿನ ಸೈಜಿಗೆ ಜೋಡಿಯಾಗಿ ಮುಂದಿನ ಸೈಜ್ ಕೊಟ್ಟಿರ್ತಾರೆ, ಅದನ್ನೇ ಹಾಕಿ. ಟೈರ್ ಗಾಳಿಯೂ ಪುಸ್ತಕದಲ್ಲಿರೋ ಹಾಗೆ. ಸೈಜ್ ಸರಿ ಇದ್ದರೂ ಡಾಂಬರಲ್ಲಿ ಫೋರ್ ವೀಲ್ ಬೇಡ.

ಸಕಲೇಶಪುರ ಎಸ್ಟೇಟ್: ಟೈರ್ ಕೊಟ್ಟೋರು ವಾಪಸ್ ತಗೊಳ್ಳಲ್ಲ ಅಂತಿದಾರೆ. ಈ ಕಾಫಿ ಕೊಯ್ಲು ಮುಗಿಯೋ ತನಕ ಹೀಗೇ ಓಡಿಸಬಹುದಾ? ನಮ್ಮದು ಇಳಿಜಾರು. ಟೂ ವೀಲಲ್ಲೇ ಓಡಿಸಿದರೆ ಟೈರ್ ಉಳಿಯುತ್ತಲ್ವಾ?

ಮೇಸ್ತ್ರಿ: ಸಮ ಜಾಗದಲ್ಲಿ ಟೂ ವೀಲಲ್ಲಿ ಓಡಿಸಿ. ಇಳಿಜಾರಿನ ಮಣ್ಣಲ್ಲಿ ಬೇಡ. ನಿಮ್ಮ ಗಾಡಿಗೆ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ ವೀಲ್ ಹಾಕಿದಾಗಲೇ ಆ ಬ್ರೇಕ್ ಮುಂದಿನ ಚಕ್ರಕ್ಕೂ ಸಿಗೋದು. ಟೈರ್ ಉಳಿಸೋಕೆ ಹೋಗಿ ಕಾಫಿ ಮೂಟೆ ಸಮೇತ ಕೆಳಗಿನ ತೋಟಕ್ಕೆ ಇಳೀತೀರಿ. ಕೊಯ್ಲಿಗೆ ಮುಂಚೆ ಟೈರ್ ಬದಲಾಯಿಸಿ.

ಅರಸೀಕೆರೆ 4 ಎಕರೆ: ಮೇಸ್ತ್ರಿ?

ಹೊಳಲ್ಕೆರೆ: ಲೇಟಾಗಿ ಸೇರಿದೆ, ಕ್ಷಮಿಸಿ. ಮಿನಿ ಟ್ರ್ಯಾಕ್ಟರಲ್ಲಿ ಯಾವ ಕಂಪನಿ ಬೆಸ್ಟ್?

ಮೇಸ್ತ್ರಿ: ಅಡ್ಮಿನ್, ನನಗೆ ಊಟಕ್ಕಾಯ್ತು. ತೀರ್ಥಹಳ್ಳಿಯವರೇ, ಮಾಡೆಲ್ ಇನ್ನೂ ಕಳಿಸಿಲ್ಲ.

ತೀರ್ಥಹಳ್ಳಿ ತೋಟ: ಕಳಿಸ್ತೀನಿ. ಸರಪಳಿ ಬಿಚ್ಚಿದಾರಂತೆ. ಡ್ರಾಬಾರಿಗೆ ಕಟ್ಟಿದರೆ ಬೊಡ್ಡೆ ಎಳೀಬಹುದಾ ಅಂತ ಕೇಳ್ತಿದಾರೆ.

ಮೇಸ್ತ್ರಿ: ಜೆಸಿಬಿ.