ಬೇಸಿಗೆಗೆ 20ಡಬ್ಲ್ಯೂ-50, ಚಳಿಗೆ 10ಡಬ್ಲ್ಯೂ-40: ಹೀಗೆ ಎಂಜಿನ್ ಆಯಿಲ್ ಬದಲಾಯಿಸಬೇಕಾ?

ಒನ್‌ಡೌನ್_ಫೋರ್‌ಅಪ್
350 ಸಿಸಿ ಬೈಕ್, ಏರ್‌ಕೂಲ್ಡ್ (ಗಾಳಿಯಿಂದಲೇ ತಣಿಯೋದು), ಒಂದೇ ಸಿಲಿಂಡರ್. ಮ್ಯಾನುವಲ್‌ನಲ್ಲಿ 10ಡಬ್ಲ್ಯೂ-40 ಅಂತಿದೆ. ಪಕ್ಕದ ತಾಪಮಾನದ ಪಟ್ಟಿಯಲ್ಲಿ 20ಡಬ್ಲ್ಯೂ-50ಕ್ಕೂ ಒಂದು ಗೆರೆ ಎಳೆದಿದ್ದಾರೆ. ಬೇಸಿಗೆಯಲ್ಲಿ 42 ಡಿಗ್ರಿ, ಚಳಿಗಾಲದ ಬೆಳಗ್ಗೆ 5 ಡಿಗ್ರಿ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಗೇರ್ ಬಿಗಿಯಾಗುತ್ತೆ, ನ್ಯೂಟ್ರಲ್ ಸಿಗಲ್ಲ. ಮಂದದ ಆಯಿಲ್ ಹಾಕಿದ್ರೆ ಸರಿಹೋಗುತ್ತಾ? ಇನ್ನೊಂದು, ಕಾರಿನ 5ಡಬ್ಲ್ಯೂ-30 ಸ್ವಲ್ಪ ಮಿಕ್ಕಿದೆ. ಚಳಿಗಾಲಕ್ಕೆ ಅದನ್ನೇ ಹಾಕಬಹುದಾ?

ಟ್ಯಾಪೆಟ್_ಸದ್ದು
ಎರಡು ಅಂಕಿಗೂ ಬೇರೆಬೇರೆ ಕೆಲಸ. ಡಬ್ಲ್ಯೂ ಜೊತೆಗಿರೋದು ಚಳಿಯಲ್ಲಿ ಸ್ಟಾರ್ಟ್ ಆಗುವ ಹೊತ್ತಿನದು. ಎಸ್‌ಎಇ ಮಾನದಂಡದಲ್ಲಿ 10ಡಬ್ಲ್ಯೂ ಆಯಿಲನ್ನು ಮೈನಸ್ 25 ಡಿಗ್ರಿಯಲ್ಲಿ, 20ಡಬ್ಲ್ಯೂ ಆಯಿಲನ್ನು ಮೈನಸ್ 15ರಲ್ಲಿ ಪರೀಕ್ಷಿಸ್ತಾರೆ. ಹಾಗಾಗಿ ನಿಮ್ಮ 5 ಡಿಗ್ರಿಗೆ ಎರಡೂ ನಡೆಯುತ್ತವೆ. 20ಡಬ್ಲ್ಯೂ ಮಾತ್ರ ಮೇಲಿನ ಕ್ಯಾಮ್‌ವರೆಗೆ (ವಾಲ್ವ್‌ಗಳನ್ನು ತೆರೆಯುವ ಭಾಗ) ಏರೋಕೆ ಸ್ವಲ್ಪ ತಡ ಮಾಡುತ್ತೆ. ಆಯಿಲ್ ತೀರಾ ಮಂದವಿದ್ದರೆ ಫಿಲ್ಟರ್‌ನ ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ಲೇ ಒಳಗೆ ಓಡಾಡಬಹುದು.

ಎರಡನೇ ಅಂಕಿ 100 ಡಿಗ್ರಿಯಲ್ಲಿ ಅಳೆದದ್ದು. 40 ಅಂದರೆ 12.5ರಿಂದ 16.3 ಸೆಂಟಿಸ್ಟೋಕ್‌ನ (ಆಯಿಲ್ ಎಷ್ಟು ಮಂದ ಅನ್ನೋದರ ಅಳತೆ) ಒಳಗೆ, 50 ಅಂದರೆ 16.3ರಿಂದ 21.9ರ ಒಳಗೆ. 16 ಇರುವ '40' ಮತ್ತು 16.8 ಇರುವ '50' ನಡುವೆ ಎಂಜಿನ್‌ಗೆ ಗೊತ್ತಾಗುವಂಥ ವ್ಯತ್ಯಾಸವೇನೂ ಇಲ್ಲ. ಡಬ್ಬಿಯ ಮುಂಭಾಗ ನೋಡಿ ವಾದ ಮಾಡೋದಕ್ಕಿಂತ ತಯಾರಕರ ಡೇಟಾ ಶೀಟ್ ನೋಡೋದು ವಾಸಿ.

ನೀರಿನಿಂದ ತಣಿಯುವ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಬಿಸಿಯನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತೆ, ಹೊರಗಿನ ಬಿಸಿಲಿಗೂ ಎರಡನೇ ಅಂಕಿಗೂ ಅಲ್ಲಿ ನಂಟು ಕಡಿಮೆ. ಏರ್‌ಕೂಲ್ಡ್‌ನಲ್ಲಿ ಆ ಕಾವಲಿಲ್ಲ. ಗಾಳಿ ಬಿಸಿಯಾದಷ್ಟೂ ಆಯಿಲ್ ಬಿಸಿ, ನಿಂತ ಟ್ರಾಫಿಕ್‌ನಲ್ಲಿ ಇನ್ನೂ ಬಿಸಿ. ಆದ್ದರಿಂದ ನಿಮ್ಮ ಬೈಕಿಗೆ ಬೇಸಿಗೆಯಲ್ಲಿ 50 ಹಾಕೋದರಲ್ಲಿ ಅರ್ಥವಿದೆ, ಪಟ್ಟಿಯ ಗೆರೆ 42 ಡಿಗ್ರಿಯನ್ನು ಮುಟ್ಟುವುದಾದರೆ. ಗೆರೆ ದಾಟಿ ಪ್ರಯೋಗ ಬೇಡ.

ಕ್ಲಚ್‌ವೈರ್
ಕಾರಿನ 5ಡಬ್ಲ್ಯೂ-30 ಬೇಡವೇ ಬೇಡ. ತೆಳುವಾಗಿದೆ ಅನ್ನೋದು ಇಲ್ಲಿ ಎರಡನೇ ಮಾತು. ನಿಮ್ಮ ಬೈಕಿನಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ತೆಳು ಆಯಿಲ್‌ಗಳಿಗೆ ಪೆಟ್ರೋಲ್ ಉಳಿಸೋಕೆ ಅಂತ ಘರ್ಷಣೆ ಇಳಿಸುವ ರಾಸಾಯನಿಕ ಬೆರೆಸಿರ್ತಾರೆ. ಪ್ಲೇಟ್‌ಗಳಿಗೆ ಬೇಕಾಗಿರೋದೇ ಆ ಘರ್ಷಣೆ.

ಡಬ್ಬಿಯ ಹಿಂಭಾಗದಲ್ಲಿ ಜಾಸೋ (ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಅಂತ ಇರಬೇಕು, ಅದು ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ. ಎಂಬಿ ಅಂತಿದ್ದರೆ ಅದು ಒಣ ಕ್ಲಚ್‌ನ ಸ್ಕೂಟರ್‌ಗೆ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ವೃತ್ತದ ಕೆಳಭಾಗದಲ್ಲಿ 'ರಿಸೋರ್ಸ್ ಕನ್ಸರ್ವಿಂಗ್', ಅಂದರೆ ಇಂಧನ ಉಳಿಸೋದು, ಅಂತ ಕಂಡರೆ ಅಲ್ಲೇ ಇಟ್ಟು ಬನ್ನಿ.

ಈಗಾಗಲೇ ಹಾಕಿಬಿಟ್ಟವರಿಗೆ: ನಾಲ್ಕನೇ ಗೇರ್‌ನಲ್ಲಿ ಏರು ಹತ್ತುವಾಗ ಥ್ರಾಟಲ್ ಪೂರ್ತಿ ತಿರುಗಿಸಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ತಕ್ಷಣ ಇಳಿಸಿ ಎಂಎ2 ತುಂಬಿಸಿ. ಪ್ಲೇಟ್ ಸುಟ್ಟಿಲ್ಲದಿದ್ದರೆ ಒಂದೆರಡು ಬದಲಾವಣೆಯಲ್ಲಿ ಹಿಡಿತ ಮರಳುವ ಸಾಧ್ಯತೆ ಇದೆ.

ಹನ್ನೆರಡರ_ಸ್ಪ್ಯಾನರ್
ಬಿಸಿಯಾದ ಮೇಲೆ ನ್ಯೂಟ್ರಲ್ ಸಿಗದಿರೋದಕ್ಕೆ ಆಯಿಲ್ ಒಂದನ್ನೇ ದೂರಬೇಡಿ. ಮೊದಲು ಕ್ಲಚ್ ಲಿವರ್‌ನ ತುದಿಯಲ್ಲಿ ಫ್ರೀ ಪ್ಲೇ (ಕೇಬಲ್ ಬಿಗಿಯಾಗೋ ಮುಂಚೆ ಲಿವರ್ ಸಡಿಲವಾಗಿ ಆಡುವ ದೂರ) ಅಳೆಯಿರಿ. ಬಹಳಷ್ಟು ಬೈಕುಗಳಿಗೆ 10ರಿಂದ 20 ಮಿಲಿಮೀಟರ್, ನಿಮ್ಮದಕ್ಕೆ ಎಷ್ಟು ಅಂತ ಮ್ಯಾನುವಲ್‌ನಲ್ಲಿದೆ. ಅದಕ್ಕಿಂತ ಜಾಸ್ತಿ ಇದ್ದರೆ ಲಿವರ್ ಪೂರ್ತಿ ಎಳೆದರೂ ಪ್ಲೇಟ್‌ಗಳು ಬಿಡಿಸಿಕೊಳ್ಳಲ್ಲ, ಯಾವ ಆಯಿಲ್ ಹಾಕಿದರೂ ಗೇರ್ ಕುಟ್ಟುತ್ತೆ.

ಅದು ಸರಿಯಿದ್ದರೆ ಆಯಿಲ್ ಎಷ್ಟು ಓಡಿದೆ ನೋಡಿ. ಬಿಸಿಯಲ್ಲೂ ಮಂದವಾಗಿ ಉಳಿಯಲಿ ಅಂತ ಆಯಿಲ್‌ಗೆ ಉದ್ದನೆಯ ಪಾಲಿಮರ್ ಸೇರಿಸಿರ್ತಾರೆ. ಗೇರ್‌ಬಾಕ್ಸಿಗೂ ಅದೇ ಆಯಿಲ್ ಆದ್ದರಿಂದ ಗೇರಿನ ಹಲ್ಲುಗಳು ಆ ಪಾಲಿಮರನ್ನು ಕತ್ತರಿಸುತ್ತಾ ಹೋಗುತ್ತವೆ. 40 ಅಂತ ಹಾಕಿದ್ದು ಅವಧಿ ಮುಗಿಯೋ ಹೊತ್ತಿಗೆ 30ರ ಮಟ್ಟಕ್ಕೆ ಇಳಿದಿರಬಹುದು. ಅಂಥ ಸಂದರ್ಭದಲ್ಲಿ ಹೊಸ 10ಡಬ್ಲ್ಯೂ-40 ಹಾಕಿದರೂ ಗೇರ್ ಮೃದುವಾಗುತ್ತೆ. ಜನ ಆ ಶ್ರೇಯವನ್ನು ಹೊಸ ಗ್ರೇಡ್‌ಗೆ ಕೊಟ್ಟುಬಿಡ್ತಾರೆ!

ಬದಲಾಯಿಸುವಾಗ ಎಂಜಿನ್ 3–4 ನಿಮಿಷ ಓಡಿಸಿ ಬೆಚ್ಚಗಾಗಿಸಿ, ಬೈಕ್ ನೆಟ್ಟಗೆ ನಿಲ್ಲಿಸಿ ಇಳಿಸಿ. ಸೈಡ್ ಸ್ಟ್ಯಾಂಡ್‌ನಲ್ಲಿ ವಾಲಿಸಿದ್ದರೆ ಒಂದಿಷ್ಟು ಹಳೇದು ಒಳಗೇ ಉಳಿಯುತ್ತೆ. ಡ್ರೈನ್ ಬೋಲ್ಟ್‌ಗೆ ಪ್ರತಿ ಸಲ ಹೊಸ ವಾಷರ್. ಹಳೇ ವಾಷರ್ ಸೋರುತ್ತೆ ಅಂತ ಬೋಲ್ಟನ್ನು ಇನ್ನಷ್ಟು ಬಿಗಿದು ಅಲ್ಯೂಮಿನಿಯಂ ಥ್ರೆಡ್ ಕಿತ್ತುಕೊಳ್ಳೋದು ಮಾಮೂಲು ಎಡವಟ್ಟು. ಮ್ಯಾನುವಲ್‌ನಲ್ಲಿ ಮೂರು ಅಳತೆ ಇರಬಹುದು: ಬರೀ ಆಯಿಲ್ ಬದಲಿಸಿದರೆ, ಫಿಲ್ಟರ್ ಸಮೇತ ಬದಲಿಸಿದರೆ, ಎಂಜಿನ್ ಬಿಚ್ಚಿ ಕಟ್ಟಿದರೆ. ಮೂರನೇದನ್ನು ಓದಿ ಸುರಿದರೆ ಹೆಚ್ಚಾಗಿ, ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿಯನ್ನು ಹೊರಬಿಡುವ ಕೊಳವೆ) ಏರ್‌ಫಿಲ್ಟರ್‌ಗೆ ಆಯಿಲ್ ಉಕ್ಕುತ್ತೆ. ನಿಮಗೆ ಬೇಕಾದ ಅಳತೆಗಿಂತ 100 ಮಿಲಿ ಕಡಿಮೆ ಹಾಕಿ, 3 ನಿಮಿಷ ಐಡ್ಲಿಂಗ್ ಬಿಟ್ಟು, ಆಫ್ ಮಾಡಿ 3 ನಿಮಿಷ ಕಾದು, ನೆಟ್ಟಗೆ ನಿಲ್ಲಿಸಿ ಮಟ್ಟ ನೋಡಿ, ಆಮೇಲೆ ಉಳಿದದ್ದು. ಡಿಪ್‌ಸ್ಟಿಕ್ ತಿರುಗಿಸಿ ನೋಡಬೇಕೋ ಸುಮ್ಮನೆ ಇಳಿಬಿಟ್ಟು ನೋಡಬೇಕೋ ಅನ್ನೋದು ಬೈಕಿನಿಂದ ಬೈಕಿಗೆ ಬೇರೆ.

ಒನ್‌ಡೌನ್_ಫೋರ್‌ಅಪ್
ಮೊದಲು ಫ್ರೀ ಪ್ಲೇ ನೋಡ್ತೀನಿ. 10ಡಬ್ಲ್ಯೂ-40 ಮತ್ತು 20ಡಬ್ಲ್ಯೂ-50 ಅರ್ಧರ್ಧ ಬೆರೆಸಿ ವರ್ಷವಿಡೀ ಓಡಿಸಬಹುದಾ?

ಟ್ಯಾಪೆಟ್_ಸದ್ದು
ದಾರಿಯಲ್ಲಿ ಮಟ್ಟ ಕಡಿಮೆಯಾಗಿ ಬೇರೆ ಗ್ರೇಡ್ ಸುರಿದರೆ ತೊಂದರೆಯಿಲ್ಲ, ಎರಡೂ ಎಂಎ2 ಇದ್ದರೆ ಸಾಕು. ಬೇಕಂತಲೇ ಬೆರೆಸಬೇಡಿ, ಸಿಗೋ ಗ್ರೇಡ್ ಯಾವುದು ಅಂತ ಡಬ್ಬಿ ನೋಡಿ ಹೇಳೋಕಾಗಲ್ಲ. ವರ್ಷವಿಡೀ ಒಂದೇ ಬೇಕಿದ್ದರೆ, ಮ್ಯಾನುವಲ್ ಒಪ್ಪುವುದಾದರೆ, 15ಡಬ್ಲ್ಯೂ-50 ಸಿಂಥೆಟಿಕ್ ಹಾಕಿ.